ಗಿರಾಕಿಯ ತೊಡಕೇ ಅಂಗಡಿಯ ಬಂಡವಾಳ

ನಮ್ಮ ಊರುಗಳಲ್ಲಿ ಹೊಸ ಅಂಗಡಿಗಳು ತೆರೆಯುವುದನ್ನೂ, ತೆರೆದವು ಮುಚ್ಚುವುದನ್ನೂ ವಾಚಕರೆಲ್ಲರೂ ಕಂಡಿರುವರು. ಒಳ್ಳೆಯ ಮುಹೂರ್ತದಲ್ಲಿ ಬಾಗಿಲಿಗೆ ಮಾವಿನ ತೋರಣವನ್ನು ಕಟ್ಟಿ, ಗಣಪತಿಗೆ ಪೂಜೆಯನ್ನು ಮಾಡಿಸಿ, ಬಂದವರಿಗೆಲ್ಲ ಸಿಹಿ ಹಂಚಿ ಪ್ರಾರಂಭಿಸಿದ ವ್ಯಾಪಾರವು, ವರ್ಷವೊಂದು ತಿರುಗುವುದರೊಳಗಾಗಿ ನಿಂತುಹೋಗಿರುತ್ತದೆ. ತೋರಣವಿದ್ದ ಬಾಗಿಲಿಗೆ ಬೀಗ. ಬೀಗದ ಮೇಲೆ ‘ಬಾಡಿಗೆಗೆ ಇದೆ’ ಎಂಬ ಹಲಗೆ. “ಅಯ್ಯೋ ಪಾಪ” ಎಂದುಕೊಂಡು ನಾವು ಮುಂದಕ್ಕೆ ನಡೆಯುತ್ತೇವೆ. ಆದರೆ ಆ ಬೀಗದ ಹಿಂದೆ, ಕೆಲಸದಿಂದ ನಿವೃತ್ತನಾದವನೊಬ್ಬನ ಭವಿಷ್ಯನಿಧಿಯೋ, ಒಬ್ಬ ಗೃಹಿಣಿಯ ಕೈಬಳೆಗಳೋ, ಮಗಳ ಮದುವೆಗೆಂದು ಕೂಡಿಟ್ಟ ಹಣವೋ ಕರಗಿಹೋಗಿರುವುದುಂಟು. ಆದುದರಿಂದ ಅಂಗಡಿಯಿಡುವ ವಿಚಾರವು ವರ್ತಕರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ, ಗೃಹಸ್ಥರೆಲ್ಲರಿಗೂ ಸಂಬಂಧಪಟ್ಟದ್ದು. ಈ ತಿಂಗಳು ಆ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಇಂತಹ ಅಂಗಡಿಗಳು ಏತಕ್ಕೆ ಮುಚ್ಚಿಹೋಗುವುವು? ಬಾಡಿಗೆ ಹೆಚ್ಚಾಯಿತು, ಉದ್ರಿ ಬೆಳೆಯಿತು, ಪಕ್ಕದಲ್ಲಿ ದೊಡ್ಡ ಮಳಿಗೆ ಬಂದಿತು ಎಂದು ನಾನಾ ಕಾರಣಗಳನ್ನು ಹೇಳುವರು. ಅವೆಲ್ಲವೂ ನಿಜವಿರಬಹುದು. ಆದರೆ ಅವಕ್ಕಿಂತ ಮೊದಲಿನ ಕಾರಣವೊಂದುಂಟು. ಅಂಗಡಿಯಿಡಲು ಹೊರಟವನು ಸಾಮಾನ್ಯವಾಗಿ ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆ, “ನಾನು ಏನನ್ನು ಮಾರಲಿ?” ಎಂಬುದು. ಎದುರು ಬೀದಿಯವನು ಬಳಪ ಪುಸ್ತಕಗಳನ್ನು ಮಾರಿ ಮನೆ ಕಟ್ಟಿಸಿದನೆಂದು ಇವನೂ ಬಳಪ ಪುಸ್ತಕಗಳನ್ನೇ ತಂದು ತುಂಬುವನು. ಇವನ ಪ್ರಶ್ನೆಯೇ ತಪ್ಪಾಯಿತೆಂದು ನಮ್ಮ ಅಭಿಪ್ರಾಯ. “ಯಾರ ಯಾವ ತೊಡಕನ್ನು ನಾನು ಬಿಡಿಸಬಲ್ಲೆ?” ಎಂದು ಅವನು ಕೇಳಿಕೊಳ್ಳಬೇಕಾಗಿತ್ತು.

ನಮ್ಮ ಅನುಭವದ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಬಹುದು. ಒಮ್ಮೆ ನಮ್ಮ ಅಡಿಗೆಮನೆಯ ನಲ್ಲಿಯು ರಾತ್ರಿಯೆಲ್ಲ ತೊಟ್ಟಿಕ್ಕಿ ಮನೆಯವರ ನಿದ್ರೆಯನ್ನು ಕೆಡಿಸಿತು. ಮರುದಿನ ಬೆಳಿಗ್ಗೆ ನಾವು ಬೀದಿಯ ಕೊನೆಯಲ್ಲಿರುವ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗಿ, “ಒಂದು ಹೊಸ ನಲ್ಲಿ ಕೊಡಪ್ಪ” ಎಂದೆವು. ಅಂಗಡಿಯವನು ನಲ್ಲಿಯನ್ನು ತೆಗೆಯಲಿಲ್ಲ.

“ಹಳೆಯದಕ್ಕೆ ಏನಾಗಿದೆ ಸ್ವಾಮಿ?” ಎಂದು ಕೇಳಿದನು.

“ಸೋರುತ್ತದೆ.”

“ಬಾಯಲ್ಲಿ ಸೋರುತ್ತದೆಯೋ, ತಿರುಪಿನ ಹತ್ತಿರವೋ?”

ಬಾಯಲ್ಲಿಯೇ ಎಂದು ತಿಳಿಸಿದ ಮೇಲೆ, ಅವನು ಒಂದು ಡಬ್ಬಿಯಿಂದ ಕಾಸಿನಗಲದ ರಬ್ಬರಿನ ವಾಷರೊಂದನ್ನು ತೆಗೆದು ಕೈಯಲ್ಲಿಟ್ಟು, ಅದನ್ನು ಹಾಕುವ ಬಗೆಯನ್ನೂ ಹೇಳಿದನು. “ಇದರಿಂದ ನಿಲ್ಲದಿದ್ದರೆ ಹೊಸ ನಲ್ಲಿಗೆ ಬನ್ನಿ” ಎಂದನು. ನಾನೂರು ರೂಪಾಯಿಯ ವ್ಯಾಪಾರವು ಐದು ರೂಪಾಯಿಗೆ ಇಳಿಯಿತು. ನಲ್ಲಿಯೇನೋ ಸೋರುವುದನ್ನು ನಿಲ್ಲಿಸಿತು. ಎರಡು ವರ್ಷಗಳ ತರುವಾಯ ಮನೆಯ ಹಿಂಭಾಗವನ್ನು ಕಟ್ಟಿಸಿದಾಗ ಕೊಳವೆ, ನಲ್ಲಿ, ತೊಟ್ಟಿ ಮೊದಲಾದುವೆಲ್ಲವನ್ನೂ ನಾವು ಎಲ್ಲಿಂದ ತರಿಸಿದೆವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲೆಯನ್ನು ನಾಲ್ಕು ಕಡೆ ವಿಚಾರಿಸಬೇಕೆಂದು ನಮಗೆ ತೋರಲೂ ಇಲ್ಲ.

ಈ ವರ್ತಕನಿಗೆ ತಿಳಿದಿದ್ದ ಮರ್ಮವು ಇಷ್ಟೇ. ಬೀಸುವ ಕಲ್ಲನ್ನು ಕೊಳ್ಳಲು ಬಂದವಳಿಗೆ ಕಲ್ಲಿನ ಮೇಲೆ ಮೋಹವಿಲ್ಲ. ಅವಳಿಗೆ ಹಿಟ್ಟು ಬೇಕಾಗಿದೆ. ಹಾಗೆಯೇ ಕೊಡೆಯನ್ನು ಕೊಳ್ಳುವವನಿಗೆ ಬೇಕಾದದ್ದು ನೆನೆಯದ ಮೈ. ಕನ್ನಡಕವನ್ನು ಕೊಳ್ಳುವವನಿಗೆ ಬೇಕಾದದ್ದು ಓದುವ ಕಣ್ಣು. ಸರಕು ಕೇವಲ ಸಾಧನ. ಗಿರಾಕಿಯು ತನ್ನ ಬಾಯಿಂದ ಸರಕಿನ ಹೆಸರನ್ನು ಹೇಳಿದರೂ, ಅವನ ಮನಸ್ಸಿನಲ್ಲಿರುವುದು ತೊಡಕಿನ ಹೆಸರು. ಆ ಎರಡನೆಯ ಹೆಸರನ್ನು ಕೇಳಿ ತಿಳಿಯಬಲ್ಲವನೇ ವ್ಯಾಪಾರಿ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ದೃಷ್ಟಾಂತವಿದೆ. ಉಡುಪಿಯ ಕಡೆಯ ಪಾರಂಪಳ್ಳಿ ಎಂಬ ಹಳ್ಳಿಯಿಂದ ಬೆಂಗಳೂರಿಗೆ ಬಂದ ಮಯ್ಯ ಸಹೋದರರು ಮೊದಲು ಮನೆಗಳಲ್ಲಿ ಅಡಿಗೆಯ ಕೆಲಸವನ್ನು ಮಾಡುತ್ತಿದ್ದರು. 1924ರಲ್ಲಿ ಅವರು ಒಂದು ಸಣ್ಣ ಕಾಫಿ ತಿಂಡಿಯ ಹೋಟೆಲನ್ನು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಂದರೆ ಎಂ. ಟಿ. ಆರ್. ಎಂಬ ಹೆಸರಿನಿಂದ ಪ್ರಸಿದ್ಧಿಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶವು ಜಪಾನಿನವರ ವಶವಾಯಿತು. ಅಲ್ಲಿಂದ ಹಿಂದೂದೇಶಕ್ಕೆ ಬರುತ್ತಿದ್ದ ಅಕ್ಕಿಯು ನಿಂತುಹೋಯಿತು. ಅಕ್ಕಿಗೆ ಎಲ್ಲೆಲ್ಲಿಯೂ ಬಿಕ್ಕಟ್ಟುಂಟಾಯಿತು. ಇಡ್ಲಿಯನ್ನೇ ನಂಬಿದ ಹೋಟೆಲಿಗೆ ಅಕ್ಕಿಯಿಲ್ಲವೆಂದರೆ ಗತಿಯೇನು? ಆಗ ಆ ಮನೆಯವರು ಅಕ್ಕಿಯ ಬದಲು ಗೋಧಿಯ ರವೆಯನ್ನು ಹಿಡಿದು, ಮೊಸರಿನಲ್ಲಿ ಕಲಸಿ, ಒಗ್ಗರಣೆಯಿಟ್ಟು, ಇಡ್ಲಿಯ ತಟ್ಟೆಯಲ್ಲಿ ಬೇಯಿಸಿ ನೋಡಿದರೆಂದೂ, ರವೆ ಇಡ್ಲಿಯು ಹುಟ್ಟಿದುದು ಹೀಗೆಂದೂ ಆ ಮನೆತನದವರು ಹೇಳುತ್ತಾರೆ. ಗಿರಾಕಿಗೆ ಅಕ್ಕಿ ಬೇಕಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬೆಳಗಿನ ಹೊತ್ತು ಬಿಸಿಯಾದ, ಹಗುರಾದ, ಹೊಟ್ಟೆ ತುಂಬುವ ತಿಂಡಿಯೊಂದು ಅವನಿಗೆ ಬೇಕಾಗಿತ್ತು. ಅಕ್ಕಿಯಿಲ್ಲವೆಂದು ಬಾಗಿಲು ಹಾಕಿಕೊಂಡಿದ್ದರೆ ಅದು ಸರಕನ್ನು ಮಾರುವವನ ಬುದ್ಧಿಯಾಗುತ್ತಿತ್ತು.

ಅದೇ ಮನೆತನದವರಿಗೆ ಇನ್ನೊಂದು ಬಿಕ್ಕಟ್ಟು 1975ರಲ್ಲಿ ಒದಗಿತು. ದೇಶದಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿದ್ದ ಆ ಕಾಲದಲ್ಲಿ ಹೋಟೆಲಿನ ತಿಂಡಿಗಳ ಬೆಲೆಯನ್ನು ಸರಕಾರವು ಇಳಿಸಿ ಗೊತ್ತುಮಾಡಿತು. ಆ ಬೆಲೆಗೆ ಒಳ್ಳೆಯ ತುಪ್ಪ, ಒಳ್ಳೆಯ ಬೇಳೆಗಳನ್ನು ಹಾಕಿ ತಿಂಡಿ ಮಾಡಿದರೆ ನಷ್ಟ. ಕೀಳು ಸಾಮಾನುಗಳನ್ನು ಹಾಕಿದರೆ ಹೆಸರಿಗೆ ಕುಂದು. ಆಗ ಅವರು ತಿಂಡಿಗಳಿಗೆ ಬೇಕಾದ ಹಿಟ್ಟು ರವೆಗಳನ್ನು ಹದವಾಗಿ ಬೆರೆಸಿ, ಪೊಟ್ಟಣ ಕಟ್ಟಿ, ಮನೆಗಳಿಗೇ ಮಾರತೊಡಗಿದರು. ಇದು ಅವರ ನಷ್ಟದಿಂದ ಹುಟ್ಟಿದ ಉಪಾಯವೆಂಬುದು ನಿಜ. ಆದರೆ ಅದು ನೆಲೆನಿಂತದ್ದು ಆ ಕಾರಣದಿಂದಲ್ಲ. ಕೂಡುಕುಟುಂಬಗಳು ಒಡೆದು, ರುಬ್ಬಿ ಬೀಸಿ ಕೊಡುವ ಅತ್ತೆ ನಾದಿನಿಯರು ದೂರವಾಗಿ, ಗೃಹಿಣಿಯೂ ಕಚೇರಿಗೆ ಹೋಗುವ ಕಾಲವು ನಗರಗಳಲ್ಲಿ ಬರುತ್ತಿತ್ತು. ಬೆಳಗಿನ ಏಳು ಗಂಟೆಗೆ ಅವಳ ಮುಂದಿದ್ದ ತೊಡಕಿಗೆ ಆ ಪೊಟ್ಟಣವು ಉತ್ತರವಾಯಿತು. ಮುಂದೆ 2007ರಲ್ಲಿ ಆ ಪೊಟ್ಟಣದ ಉದ್ಯಮವನ್ನು ನಾರ್ವೆ ದೇಶದ ದೊಡ್ಡ ಸಂಸ್ಥೆಯೊಂದು ಕೊಂಡುಕೊಂಡಿತು. ಹೋಟೆಲು ಮಾತ್ರ ಮನೆತನದ ಕೈಯಲ್ಲಿಯೇ ಉಳಿಯಿತು.

ತೊಡಕುಗಳಲ್ಲಿ ನಾನಾ ಜಾತಿಗಳುಂಟು. ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೊಸ ವ್ಯಾಪಾರಿಗೆ ಬಹಳ ಉಪಯುಕ್ತ.

ಮೊದಲನೆಯದು ಬೆಲೆಯ ತೊಡಕು. ಬಟ್ಟೆ ಒಗೆಯುವ ಪುಡಿಯು ಒಳ್ಳೆಯದೆಂದು ಎಲ್ಲರಿಗೂ ಗೊತ್ತಿದ್ದರೂ ಸಾಮಾನ್ಯರು ಅದನ್ನು ಕೊಳ್ಳಲಾರದ ಕಾಲವೊಂದಿತ್ತು. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಎಂಬ ರಸಾಯನಶಾಸ್ತ್ರಜ್ಞರು ಸರಕಾರಿ ಕೆಲಸದಲ್ಲಿದ್ದುಕೊಂಡೇ, ಬಿಡುವಿನ ವೇಳೆಯಲ್ಲಿ ಮನೆಯ ಹಿತ್ತಿಲಿನಲ್ಲಿ ಪುಡಿಯನ್ನು ತಯಾರಿಸಿ, ಬೈಸಿಕಲ್ಲಿನ ಮೇಲೆ ಹೇರಿಕೊಂಡು ಮನೆಮನೆಗೆ ಹೋಗಿ ಮಾರುತ್ತಿದ್ದರು. ಹೆಸರಾಂತ ಪುಡಿಯ ಬೆಲೆಯ ಮೂರನೆಯ ಒಂದು ಪಾಲಿಗಿಂತಲೂ ಕಡಮೆಗೆ ಅವರ ಪುಡಿಯು ದೊರೆಯುತ್ತಿತ್ತು. ಅದೇ ನಿರ್ಮಾ.

ಎರಡನೆಯದು ಹಣ ಹೊಂದಿಸುವ ತೊಡಕು. ಇದು ಬೆಲೆಯ ತೊಡಕಿಗಿಂತ ಬೇರೆಯಾದುದು. ಅಮೆರಿಕದಲ್ಲಿ ಸಿಂಗರ್ ಹೊಲಿಗೆಯ ಯಂತ್ರವು ಬಂದಾಗ ಅದರ ಬೆಲೆಯು ನೂರು ಡಾಲರುಗಳ ಆಸುಪಾಸಿನಲ್ಲಿತ್ತು. ಯಂತ್ರವು ಬೇಡವೆನ್ನುವ ಗೃಹಿಣಿಯಿರಲಿಲ್ಲ. ಅಷ್ಟು ಹಣವನ್ನು ಒಂದೇ ಸಲಕ್ಕೆ ಎಣಿಸಬಲ್ಲ ಸಂಸಾರವೂ ವಿರಳವಾಗಿತ್ತು. ಸಿಂಗರನ ಪಾಲುದಾರನಾಗಿದ್ದ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲನು 1856ರಲ್ಲಿ ಕಂತುಗಳಲ್ಲಿ ಹಣ ಕೊಡುವ ಏರ್ಪಾಡನ್ನು ಮಾಡಿದನು. ಯಂತ್ರದಲ್ಲಿ ಒಂದು ತಿರುಪನ್ನೂ ಬದಲಿಸಲಿಲ್ಲ. ಬದಲಾದದ್ದು ಹಣ ಕೊಡುವ ಕ್ರಮ ಮಾತ್ರ. ಆದರೂ ಮಾರಾಟವು ಬಹಳವಾಗಿ ಹೆಚ್ಚಿತು.

ಮೂರನೆಯದು ಅಳತೆಯ ತೊಡಕು. ದಿನಗೂಲಿಯ ಮೇಲೆ ಬದುಕುವವನು ತಿಂಗಳ ಸಾಮಾನನ್ನು ಒಂದೇ ಸಲ ಕೊಳ್ಳಲಾರನು. ತಲೆಗೆ ಹಾಕುವ ಶಾಂಪೂವಿನ ಸೀಸೆಯನ್ನು ಕೊಳ್ಳಲಾರದವರಿಗೆಂದು ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಎಂಬವರು ಅದನ್ನು ಪುಟ್ಟ ಪೊಟ್ಟಣಗಳಲ್ಲಿ ತುಂಬುವ ದಾರಿಯನ್ನು ಹಾಕಿದರು. ಅವರ ಮಗ ರಂಗನಾಥನ್ 1983ರಲ್ಲಿ 15,000 ರೂಪಾಯಿಗಳ ಬಂಡವಾಳದಿಂದ ಅದೇ ದಾರಿಯಲ್ಲಿ ನಡೆದು ದೊಡ್ಡ ಉದ್ಯಮವನ್ನು ಕಟ್ಟಿದರು. ಇಲ್ಲಿ ಒಂದು ಮಾತನ್ನು ಮರೆಯಬಾರದು. ಖಾಲಿಯಾದ ಆ ಪ್ಲಾಸ್ಟಿಕ್ ಪೊಟ್ಟಣಗಳು ಇಂದು ನಮ್ಮ ಚರಂಡಿಗಳಲ್ಲಿಯೂ ಕೆರೆಯ ದಂಡೆಗಳಲ್ಲಿಯೂ ಬಿದ್ದಿವೆ. ಒಂದು ತೊಡಕನ್ನು ಬಿಡಿಸುವಾಗ ಇನ್ನೊಂದನ್ನು ಕಟ್ಟುತ್ತಿಲ್ಲವಷ್ಟೆ ಎಂದು ನೋಡಿಕೊಳ್ಳುವುದೂ ವ್ಯಾಪಾರಿಯ ಧರ್ಮ. ಮುಂದಿನ ವ್ಯಾಪಾರಿಗೆ ಅದೇ ಒಂದು ದಾರಿಯೂ ಆಗಬಹುದು.

ನಾಲ್ಕನೆಯದು, ಸರಕು ದೊರೆತರೂ ಅದು ನಮ್ಮ ಕೆಲಸಕ್ಕೆ ಒದಗದಿರುವ ತೊಡಕು. 1960ರ ದಶಕದಲ್ಲಿ ಮುಂಬಯಿಯ ಸತ್ಯಪ್ರಕಾಶ ಮಾಥುರ್ ಎಂಬ ಇಂಜಿನಿಯರರ ಮನೆಯಲ್ಲಿ ಹೊರದೇಶದ ಮಿಕ್ಸರೊಂದು ಕೆಟ್ಟು ನಿಂತಿತು. ಹಣ್ಣು ಹಾಲುಗಳನ್ನು ಕಡೆಯಲು ಮಾಡಿದ ಯಂತ್ರಕ್ಕೆ ನಮ್ಮ ಒಣಮೆಣಸಿನಕಾಯಿ, ಕೊಬ್ಬರಿ, ನೆನೆದ ಉದ್ದಿನಬೇಳೆಗಳು ಜಗ್ಗುವುವೇ? ಆ ದಂಪತಿಗಳು ನಮ್ಮ ಅಡಿಗೆಗೆ ತಕ್ಕ ಗಟ್ಟಿಯಾದ ಯಂತ್ರವನ್ನು ತಾವೇ ನಿರ್ಮಿಸಲು ಹೊರಟರು. ಸುಮೀತ್ ಎಂಬ ಹೆಸರಿನ ಆ ಮಿಕ್ಸರು ನಮ್ಮಲ್ಲಿ ಎಷ್ಟೋ ಮನೆಗಳ ಒರಳುಕಲ್ಲಿಗೆ ವಿಶ್ರಾಂತಿಯನ್ನು ಕೊಟ್ಟಿತು. ಅಡಿಗೆಮನೆಯ ಗೊಣಗಾಟವೊಂದು ಕಾರ್ಖಾನೆಯಾದುದು ಹೀಗೆ.

ಐದನೆಯದೂ ಎಲ್ಲಕ್ಕಿಂತ ಸೂಕ್ಷ್ಮವಾದುದೂ ನಂಬಿಕೆಯ ತೊಡಕು. ನಗರಗಳಲ್ಲಿ ದೋಸೆಯ ಹಿಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ರಬ್ಬರು ಕಟ್ಟಿ ಮಾರುತ್ತಿದ್ದರು. ಯಾವ ನೀರಿನಲ್ಲಿ ರುಬ್ಬಿದರೋ, ಎಂದಿನದೋ ಎಂದು ಕೊಳ್ಳುವವರಿಗೆ ಅಳುಕು. 2005ರಲ್ಲಿ ಬೆಂಗಳೂರಿನಲ್ಲಿ ಮುಸ್ತಫಾ ಎಂಬವರೂ ಅವರ ಸೋದರಸಂಬಂಧಿಗಳೂ 50 ಚದರಡಿಯ ಕೋಣೆಯೊಂದರಲ್ಲಿ ಶುಚಿಯಾಗಿ ಹಿಟ್ಟು ರುಬ್ಬಿ ಕಟ್ಟಿ ಅಂಗಡಿಗಳಿಗೆ ಹಾಕತೊಡಗಿದರು. ಐಡಿ ಎಂಬ ಆ ಹಿಟ್ಟು ಇಂದು ಅನೇಕ ನಗರಗಳಲ್ಲಿ ದೊರೆಯುತ್ತದೆ. ಅವರು ಮಾರಿದ್ದು ಹಿಟ್ಟನ್ನು ಮಾತ್ರವಲ್ಲ, ನಿಶ್ಚಿಂತೆಯನ್ನೂ ಮಾರಿದರು.

ಇಷ್ಟನ್ನು ಕೇಳಿ, ತೊಡಕೇ ಬಂಡವಾಳವಾದ ಮೇಲೆ ತೊಡಕನ್ನು ಹುಟ್ಟಿಸಿದರೇನು ಎಂದು ಕೆಲವರಿಗೆ ತೋರಬಹುದು. ಹಾಗೆ ಮಾಡಿದವರೂ ಉಂಟು. ಅಮೆರಿಕದಲ್ಲಿ 1879ರಲ್ಲಿ ಶಸ್ತ್ರವೈದ್ಯರ ಉಪಯೋಗಕ್ಕೆಂದು ತಯಾರಾದ ಲಿಸ್ಟರಿನ್ ಎಂಬ ದ್ರವವನ್ನು 1920ರ ದಶಕದಲ್ಲಿ ಬಾಯಿಯ ವಾಸನೆಗೆ ಪರಿಹಾರವೆಂದು ಮಾರಬೇಕೆಂದು ಅದರ ಒಡೆಯರು ಎಣಿಸಿದರು. ಬಾಯಿಯ ದುರ್ವಾಸನೆಗೆ, ವೈದ್ಯರಲ್ಲದೆ ಬೇರೆಯವರು ಕೇಳರಿಯದ ಲ್ಯಾಟಿನ್ ಮೂಲದ ದೊಡ್ಡ ಹೆಸರೊಂದನ್ನು ಹುಡುಕಿ ತೆಗೆದು, ಅದಿರುವ ಕನ್ಯೆಗೆ ವರ ಸಿಕ್ಕನೆಂದೂ, ಗೆಳೆಯರು ಬೆನ್ನ ಹಿಂದೆ ಹಾಸ್ಯ ಮಾಡುವರೆಂದೂ ಪತ್ರಿಕೆಗಳಲ್ಲಿ ಬರೆಯಿಸಿದರು. ನಿನ್ನೆಯವರೆಗೆ ನೆಮ್ಮದಿಯಾಗಿದ್ದವರು ಅಂಗೈಯನ್ನು ಬಾಯಿಗೆ ಹಿಡಿದು ಮೂಸಿ ನೋಡತೊಡಗಿದರು. ಸೀಸೆಗಳೇನೋ ಖರ್ಚಾದುವು. ಆದರೆ ಇದನ್ನು ಪರಿಹಾರದ ವ್ಯಾಪಾರವೆನ್ನುವುದೋ, ಭಯದ ವ್ಯಾಪಾರವೆನ್ನುವುದೋ? ನಮ್ಮ ದೇಶದಲ್ಲಿಯೂ ಬೊಕ್ಕತಲೆಗೆ ಕೂದಲು, ಕುಳ್ಳಗಿನವನಿಗೆ ಎತ್ತರ, ಬಂಜೆಗೆ ಸಂತಾನವೆಂದು ಮಾತು ಕೊಟ್ಟು ಬಡವರ ಹಣವನ್ನು ಸುಲಿದವರಿಗೆ ಎಣೆಯಿಲ್ಲ. ಅಂತಹ ಮಾಂತ್ರಿಕ ಔಷಧಗಳ ಜಾಹೀರಾತನ್ನು ತಡೆಯಲು 1954ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು. ಮೋಸದ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾನೂನಿನಲ್ಲಿಯೂ ದಂಡನೆಯುಂಟು. ಸಣ್ಣ ವ್ಯಾಪಾರಿಗಂತೂ ಕಾನೂನಿಗಿಂತ ಹತ್ತಿರದ ನ್ಯಾಯಾಧೀಶನು ಇದ್ದಾನೆ. ಅವನು ಅದೇ ಬೀದಿಯಲ್ಲಿ ನಾಳೆಯೂ ನಡೆದು ಬರುವ ಗಿರಾಕಿ. ದೊಡ್ಡ ಕಂಪೆನಿಯು ಒಂದು ಊರನ್ನು ಕಳೆದುಕೊಂಡರೆ ಇನ್ನೊಂದು ಊರಿಗೆ ಹೋದೀತು. ಬೀದಿಯ ಅಂಗಡಿಯು ಎಲ್ಲಿಗೆ ಹೋದೀತು?

ಹಾಗಾದರೆ ಸಣ್ಣ ಅಂಗಡಿಯಿಡುವವನು ಮಾಡತಕ್ಕುದೇನು? ನಮಗೆ ತೋರಿದ ನಾಲ್ಕು ನಿಯಮಗಳನ್ನು ಹೇಳುತ್ತೇವೆ.

ಬಂಡವಾಳವನ್ನು ಹೂಡುವುದಕ್ಕೆ ಮೊದಲು ಒಂದು ತಿಂಗಳ ಕಾಲ ಕಿವಿಯನ್ನು ಹೂಡಬೇಕು. ಒಂದು ನೋಟುಪುಸ್ತಕವನ್ನಿಟ್ಟುಕೊಂಡು, ಆ ಬೀದಿಯ ಜನರು ಏನೇನನ್ನು ಗೊಣಗುವರೆಂಬುದನ್ನು ಬರೆಯುತ್ತ ಹೋಗಬೇಕು. ಮುದುಕರಿಗೆ ಔಷಧವನ್ನು ಮನೆಗೆ ತಂದುಕೊಡುವವರಿಲ್ಲ. ಶಾಲೆಯ ಮಕ್ಕಳ ಸಮವಸ್ತ್ರವು ವರ್ಷದ ನಡುವೆ ಹರಿದರೆ ಹೊಲಿಯುವವರಿಲ್ಲ. ಕುಕ್ಕರಿನ ಹಿಡಿ ಮುರಿದರೆ ಹಾಕಿಕೊಡುವವರಿಲ್ಲ. ಒಂದೇ ಗೊಣಗಾಟವು ಹತ್ತು ಬಾಯಿಗಳಿಂದ ಬಂದರೆ ಅಲ್ಲಿ ಒಂದು ಅಂಗಡಿಗೆ ಎಡೆಯಿದೆಯೆಂದು ತಿಳಿಯಬೇಕು.

ಎರಡನೆಯದಾಗಿ, ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕು. ಮುಂಬಯಿಯ ಗಿರ್ಗಾಂವಿನಲ್ಲಿ 1959ನೆಯ ಮಾರ್ಚಿ 15ರಂದು ಏಳು ಮಂದಿ ಗೃಹಿಣಿಯರು 80 ರೂಪಾಯಿಗಳನ್ನು ಸಾಲವಾಗಿ ತಂದು, ಮಹಡಿಯ ಮೇಲೆ ಕುಳಿತು ಹಪ್ಪಳವನ್ನು ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣಗಳು ಮಾತ್ರ. ಅದೇ ಲಿಜ್ಜತ್ ಹಪ್ಪಳದ ಪ್ರಾರಂಭ. ಮನೆಯನ್ನು ಬಿಟ್ಟು ಹೋಗಲಾರದೆ, ಆದರೂ ನಾಲ್ಕು ಕಾಸು ಸಂಪಾದಿಸಬೇಕಾಗಿದ್ದ ಹೆಂಗಸರ ತೊಡಕನ್ನು ಅದು ಬಿಡಿಸಿತು. ಮುಂದೆ ಸಾವಿರಾರು ಮಂದಿಗೆ ಅದರಿಂದ ಜೀವನೋಪಾಯವಾಯಿತು. ನಾಲ್ಕು ಪೊಟ್ಟಣಗಳು ಖರ್ಚಾಗದಿದ್ದರೆ ಹೋಗುತ್ತಿದ್ದುದು 80 ರೂಪಾಯಿ, ಮನೆಯಲ್ಲ. ಈ ಲೆಕ್ಕವನ್ನು ನಮ್ಮ ವಾಚಕರು ಚೆನ್ನಾಗಿ ಮನಸ್ಸಿನಲ್ಲಿಡಬೇಕು.

ಮೂರನೆಯದಾಗಿ, ತನ್ನಿಂದಾಗದ್ದನ್ನು ಆಗದೆಂದು ಹೇಳುವ ಧೈರ್ಯವಿರಬೇಕು. “ಇದು ನಮ್ಮಲ್ಲಿಲ್ಲ, ಪೇಟೆಯ ಇಂತಹ ಅಂಗಡಿಯಲ್ಲಿ ಸಿಗುತ್ತದೆ” ಎಂದು ದಾರಿ ತೋರಿಸಿದವನು ಆ ಹೊತ್ತಿನ ಲಾಭವನ್ನು ಬಿಟ್ಟಂತೆ ಕಾಣಬಹುದು. ಆದರೆ ಮುಂದಿನ ಸಲ ಗಿರಾಕಿಯು ಮೊದಲು ಅವನನ್ನು ಕೇಳಿಯೇ ಮುಂದಕ್ಕೆ ಹೋಗುವನು.

ನಾಲ್ಕನೆಯದು, ತನ್ನ ತಿಳಿವಿಗೂ ಶ್ರಮಕ್ಕೂ ನ್ಯಾಯವಾದ ಬೆಲೆಯನ್ನು ಕೇಳುವುದು. ಪರೋಪಕಾರವೆಂದು ನಷ್ಟದ ಬೆಲೆಗೆ ಮಾರುತ್ತಲೂ, ದಾಕ್ಷಿಣ್ಯಕ್ಕೆ ಸಿಕ್ಕಿ ಉದ್ರಿಯನ್ನು ಬರೆಯುತ್ತಲೂ ಹೋದರೆ, ಗಿರಾಕಿಯ ತೊಡಕು ಬಿಡುವುದು, ವ್ಯಾಪಾರಿಯ ಕೊರಳಿಗೆ ಅದು ಬಿಗಿಯುವುದು. ಅಂಗಡಿಯು ಮುಚ್ಚಿಹೋದ ಮೇಲೆ ಆ ಗಿರಾಕಿಗೂ ಯಾರು ದಿಕ್ಕು? ದೀಪವು ಉರಿಯಬೇಕಾದರೆ ಎಣ್ಣೆಯೂ ಬೇಕಷ್ಟೆ.

ಈ ಕೊನೆಯ ಮಾತಿನಲ್ಲಿ ಗಿರಾಕಿಗಳಾದ ನಮ್ಮ ಪಾಲೂ ಇದೆ. ಸಣ್ಣ ಅಂಗಡಿಯವನ ಬಳಿ ಅರ್ಧ ಗಂಟೆ ನಿಂತು, ಯಾವುದು ಒಳ್ಳೆಯದು, ಯಾವುದು ಬಾಳುತ್ತದೆ ಎಂದೆಲ್ಲ ಕೇಳಿ ತಿಳಿದು, ಹತ್ತು ರೂಪಾಯಿ ಅಗ್ಗವೆಂದು ಅದೇ ವಸ್ತುವನ್ನು ಬೇರೆ ಕಡೆಯಿಂದ ತರಿಸಿಕೊಳ್ಳುವುದು ಈಗ ವಾಡಿಕೆಯಾಗಿದೆ. ಆ ತಿಳಿವಳಿಕೆಯು ಅವನ ಸರಕಲ್ಲವೇ? ಅದನ್ನು ಪುಕ್ಕಟೆಯಾಗಿ ಒಯ್ದು, ಒಂದು ದಿನ ಅವನ ಬಾಗಿಲಿಗೆ ಬೀಗ ಬಿದ್ದಾಗ “ಅಯ್ಯೋ ಪಾಪ” ಎನ್ನುವುದು ನ್ಯಾಯವಲ್ಲ. ನಲ್ಲಿಯು ರಾತ್ರಿ ತೊಟ್ಟಿಕ್ಕತೊಡಗಿದರೆ, “ಎಲ್ಲಿ ಸೋರುತ್ತದೆ ಸ್ವಾಮಿ?” ಎಂದು ಕೇಳುವವನು ಆಗ ಎಲ್ಲಿಯೂ ಸಿಕ್ಕಲಾರನು.

ವ್ಯಾಪಾರಕ್ಕೆ ಇಳಿಯಬೇಕೆಂದಿರುವ ನಮ್ಮ ವಾಚಕರು, ಮುಖ್ಯವಾಗಿ ಸಂಸಾರದ ತೊಡಕುಗಳನ್ನು ದಿನವೂ ಕೈಯಾರೆ ಬಿಡಿಸುತ್ತಿರುವ ಗೃಹಿಣಿಯರು, ಕೂಡಿಟ್ಟ ಹಣವನ್ನು ಮುಟ್ಟುವುದಕ್ಕೆ ಮೊದಲು ನಾವು ಹೇಳಿದ ನೋಟುಪುಸ್ತಕವನ್ನು ತೆರೆಯಲಿ. ಅದಕ್ಕೆ ಹಿಡಿಯುವ ಖರ್ಚು ಅತ್ಯಲ್ಪ. ಅದು ಉಳಿಸುವುದು ಕೆಲವು ವೇಳೆ ಒಂದು ಮನೆಯನ್ನೇ. ಅವರ ಬಾಗಿಲಿನ ತೋರಣವು ವರ್ಷವರ್ಷವೂ ಹಸುರಾಗಿರಲೆಂದು ಹಾರೈಸುತ್ತೇವೆ.